ಕಲ್ಲಿನ ವೀರ, ಕಾಗದದ ವೀರ: ‘ಬಹಾದುರ್’ ಚಿತ್ರಕಥಾ ಮಾಲಿಕೆಯ ಒಂದು ಓದು

೧

ಕನ್ನಡದಲ್ಲಿ ವೀರನ ಪರಿಕಲ್ಪನೆಯನ್ನು ಕುರಿತು ನಡೆದಿರುವ ಅಧ್ಯಯನಗಳು ಕಡಮೆಯೇನಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’, ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಅವರು ೧೯೮೨ರಲ್ಲಿ ಸಂಪಾದಿಸಿದ ಸ್ಮಾರಕ ಶಿಲೆಗಳನ್ನು ಕುರಿತ ಸಂಪುಟ ಇವು ಈ ಕ್ಷೇತ್ರದ ಗಟ್ಟಿಯಾದ ಆಧಾರಗಳು. ಆದರೆ ಈ ಬಗೆಯ ವಿಚಾರವೆಲ್ಲ ಶಿಲೆ ಮತ್ತು ಕಾವ್ಯಗಳು ನಿಂತಲ್ಲಿಯೇ ನಿಂತುಬಿಡುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಓದುವ ಮಕ್ಕಳ ಮನಸ್ಸಿನಲ್ಲಿ ವೀರನೆಂಬ ಕಲ್ಪನೆಯನ್ನು ರೂಪಿಸಿದ್ದು ಪಂಪನೂ ಅಲ್ಲ, ಊರ ಮುಂದಿನ ವೀರಗಲ್ಲೂ ಅಲ್ಲ. ಅಗ್ಗದ ಕಾಗದದ ಮೇಲೆ ಬಣ್ಣದಲ್ಲಿ ಅಚ್ಚಾದ ಕಾಮಿಕ್ಸ್ ಪುಸ್ತಿಕೆಗಳು ಎಂಬ ಮಾತನ್ನು ನಮ್ಮ ವಿಮರ್ಶೆ ಗಂಭೀರವಾಗಿ ಎತ್ತಿಕೊಂಡಿಲ್ಲ. ಅಂತಹ ಒಂದು ಮಾಲಿಕೆಯನ್ನು, ಅದರಲ್ಲಿಯೂ ತನ್ನ ಕಾಲದಲ್ಲಿ ಅನುಕರಣೆಯೆಂದು ಬದಿಗೆ ಸರಿಸಲ್ಪಟ್ಟ ಒಂದು ವಿಚಿತ್ರ ಮಾಲಿಕೆಯನ್ನು, ಮಧ್ಯಕಾಲೀನ ಸಾಹಿತ್ಯದ ಅಧ್ಯಯನ ನಮಗೆ ಒದಗಿಸಿದ ಕಣ್ಣಿನಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಆ ಮಾಲಿಕೆಯ ಹೆಸರು ‘ಬಹಾದುರ್’.

ಈ ಮಾಲಿಕೆಯನ್ನು ಗುಜರಾತಿನ ನೆಲದಿಂದ ನೋಡುವುದಕ್ಕೆ ಕಾರಣವುಂಟು. ಬಹಾದುರನನ್ನು ಸೃಷ್ಟಿಸಿದ ಆಬಿದ್ ಸುರತಿಯವರು ೧೯೩೫ರಲ್ಲಿ ಸೌರಾಷ್ಟ್ರದ ರಾಜುಲಾ ಪ್ರದೇಶದಲ್ಲಿ ಜನಿಸಿದವರು, ಗುಜರಾತಿ ಮತ್ತು ಹಿಂದಿ ಎರಡರಲ್ಲಿಯೂ ಬರೆದ ಕತೆಗಾರರು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ತರಬೇತಿ ಪಡೆದ ಚಿತ್ರಕಾರರು; ‘ಧರ್ಮಯುಗ’ ವಾರಪತ್ರಿಕೆಯ ‘ಡಬ್ಬೂಜಿ’ ವ್ಯಂಗ್ಯಚಿತ್ರದಿಂದ ಉತ್ತರ ಭಾರತದ ಮನೆಮನೆಗೆ ಪರಿಚಿತರಾದವರು. ಮತ್ತೊಂದು ತುದಿಯಲ್ಲಿ ಕನ್ನಡದ ನಂಟೂ ಇದೆ. ಬಹಾದುರ್ ಪ್ರಕಟವಾದದ್ದು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ‘ಇಂದ್ರಜಾಲ ಕಾಮಿಕ್ಸ್’ ಮಾಲೆಯಲ್ಲಿ. ೧೯೬೪ರ ಮಾರ್ಚ್‌ನಲ್ಲಿ ಆರಂಭವಾದ ಆ ಮಾಲೆಯ ಮೊದಲ ದಿನಗಳಲ್ಲಿ ದುಡಿದವರು ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಹಿಂದಿ, ಮರಾಠಿ, ಗುಜರಾತಿ, ಬಂಗಾಳಿ ಮೊದಲಾದವುಗಳ ಜೊತೆಗೆ ಕನ್ನಡದಲ್ಲಿಯೂ ಇಂದ್ರಜಾಲ ಹೊರಬಂದಿತು. ಹೀಗೆ ಇದು ಯಾವುದೋ ಒಂದು ಭಾಷೆಯ ಸ್ವತ್ತಲ್ಲ. ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ಹುಟ್ಟಿದ ಪಠ್ಯ. ಹೊರನಾಡಿನಲ್ಲಿ ಕುಳಿತು ಕನ್ನಡದ ಅಧ್ಯಯನ ನಡೆಸುವವರಿಗೆ ಇಂತಹ ಪಠ್ಯಗಳು ಹೆಚ್ಚು ನಿಲುಕುತ್ತವೆ ಎಂಬುದು ನಮ್ಮ ನಂಬಿಕೆ.

ಈ ಲೇಖನ ಸಿದ್ಧವಾಗುತ್ತಿರುವುದು ಅಹಮದಾಬಾದಿನ ದಕ್ಷಿಣದಂಚಿನ ವಟ್ವಾದಲ್ಲಿ. ಇಂದು ಕೈಗಾರಿಕಾ ವಸಾಹತಿನ ಹೆಸರಿನಿಂದಲೇ ಪರಿಚಿತವಾಗಿರುವ ಈ ಊರಿನಲ್ಲಿ ಹದಿನೈದನೆಯ ಶತಮಾನದ ಸಂತ ಕುತುಬ್-ಎ-ಆಲಮರ ದರ್ಗಾ ಇದೆ. ರಾತ್ರಿಯ ಕತ್ತಲಲ್ಲಿ ಕಾಲಿಗೆ ಎಡವಿದ ವಸ್ತುವನ್ನು ಕಂಡು ಸಂತರು, ಇದು ಕಲ್ಲೋ ಕಟ್ಟಿಗೆಯೋ ಕಬ್ಬಿಣವೋ ಎಂದು ಉದ್ಗರಿಸಿದರೆಂದೂ, ಅದು ಮೂರೂ ಆಗಿ ಮಾರ್ಪಟ್ಟಿತೆಂದೂ ಇಲ್ಲಿನ ಐತಿಹ್ಯ. ಕಾಮಿಕ್ಸ್ ಎಂಬ ಪ್ರಕಾರದ ಮುಂದೆ ನಿಂತ ವಿಮರ್ಶಕನ ಪಾಡೂ ಇಂತಹುದೇ. ಅದು ಚಿತ್ರವೋ, ಬರೆಹವೋ, ಆಟದ ವಸ್ತುವೋ ಎಂದು ಕೇಳುತ್ತ ನಿಂತರೆ ಮುಂದೆ ಹೋಗಲಾಗದು. ಮೂರೂ ಹೌದೆಂದು ಒಪ್ಪಿಕೊಂಡೇ ಓದನ್ನು ಆರಂಭಿಸಬೇಕಾಗುತ್ತದೆ.

೨

ಇಂದ್ರಜಾಲದ ಆರಂಭದ ಸಂಚಿಕೆಗಳೆಲ್ಲ ಲೀ ಫಾಕ್ ೧೯೩೬ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ನ ಕತೆಗಳಿಗೆ ಮೀಸಲಾಗಿದ್ದವು. ಮುಂದೆ ಮಾಂತ್ರಿಕ ಮ್ಯಾಂಡ್ರೇಕ್, ಫ್ಲಾಶ್ ಗಾರ್ಡನ್, ರಿಪ್ ಕರ್ಬಿ ಮೊದಲಾದವರು ಬಂದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಆಮದು ಕತೆಗಳು ಭಾರತಕ್ಕೆ ಬರುವಾಗ ತಿದ್ದುಪಡಿಗೆ ಒಳಗಾದವು ಎಂಬುದು. ಫ್ಯಾಂಟಮ್‌ನ ನಾಡು ‘ಬಂಗಾಲ್ಲಾ’ ಎಂಬುದು ಬಂಗಾಳವನ್ನು ನೆನಪಿಸುತ್ತದೆಂಬ ಕಾರಣದಿಂದ ‘ಡೆಂಕಾಲಿ’ಯಾಯಿತು. ‘ಸಿಂಗ್’ ಕಡಲುಗಳ್ಳರು ‘ಸಿಂಗಾ’ ಆದರು. ಫ್ಯಾಂಟಮ್‌ನ ತಂದೆಯನ್ನು ಕೊಂದ ‘ರಾಮ’ನ ಹೆಸರು ‘ರಾಮಲು’ ಆಯಿತು. ಪಶ್ಚಿಮದ ಕತೆಗಾರ ಕೇಡಿಗರಿಗೆ ನಿರಾಯಾಸವಾಗಿ ಕೊಟ್ಟ ಹೆಸರುಗಳೆಲ್ಲ ನಮ್ಮವೇ ಆಗಿದ್ದವು ಎಂಬುದನ್ನು ಈ ತಿದ್ದುಪಡಿಗಳು ಬಯಲು ಮಾಡುತ್ತವೆ. ಹೆಸರನ್ನು ಮರೆಸಬಹುದಾಗಿತ್ತು, ಆದರೆ ಕಾಡಿನ ಕಪ್ಪು ಜನರ ನಡುವೆ ಒಬ್ಬ ಬಿಳಿಯ ವೀರ ರಕ್ಷಕನಾಗಿ ಸಿಂಹಾಸನದ ಮೇಲೆ ಕೂರುವ ಮೂಲ ವಿನ್ಯಾಸವನ್ನು ಮರೆಸುವುದು ಸಾಧ್ಯವಿರಲಿಲ್ಲ.

ಬಹಾದುರ್ ಬಂದದ್ದು ಈ ಹಿನ್ನೆಲೆಯಲ್ಲಿ, ೧೯೭೬ರ ಕೊನೆಯಲ್ಲಿ. ಕತೆ ಸುರತಿಯವರದು, ಚಿತ್ರಗಳು ಗೋವಿಂದ ಬ್ರಾಹ್ಮಣಿಯಾ ಅವರವು. ಮುಂದಿನ ವರ್ಷಗಳಲ್ಲಿ ಜಗಜಿತ್ ಉಪ್ಪಲ್ ಕತೆಗಳನ್ನು ಬರೆದರು. ಕತೆಯ ಮೂಲ ಹೀಗಿದೆ: ಚಂಬಲ್ ಕಣಿವೆಯ ಡಕಾಯಿತ ಭೈರವ ಸಿಂಗ್ ಪೊಲೀಸ್ ಅಧಿಕಾರಿ ವಿಶಾಲನ ಕೈಯಲ್ಲಿ ಹತನಾಗುತ್ತಾನೆ. ಡಕಾಯಿತನ ಮಗನನ್ನು ವಿಶಾಲನೇ ಸಾಕಿ ಬೆಳೆಸುತ್ತಾನೆ. ಸೇಡನ್ನು ಎದೆಯಲ್ಲಿಟ್ಟುಕೊಂಡಿದ್ದ ಹುಡುಗ, ತಂದೆ ಊರೂರುಗಳ ಮೇಲೆ ಎಸಗಿದ ಕೃತ್ಯಗಳನ್ನು ಅರಿತು ಬದಲಾಗುತ್ತಾನೆ; ಹಳ್ಳಿಗರು ತಮ್ಮನ್ನು ತಾವೇ ಕಾಪಾಡಿಕೊಳ್ಳುವ ‘ನಾಗರಿಕ ಸುರಕ್ಷಾ ದಳ’ವನ್ನು ಕಟ್ಟುತ್ತಾನೆ. ಅವನ ವೇಷ ಕುರ್ತಾ ಮತ್ತು ಜೀನ್ಸ್. ಸಂಗಾತಿ ಬೇಲಾ ಕಾಳಗದ ಕಲೆಯಲ್ಲಿ ಅವನಿಗೆ ಸರಿಸಮಾನಳು. ಮದುವೆಯ ಬಂಧನವಿಲ್ಲದೆ ಅವರಿಬ್ಬರೂ ಜೊತೆಗಿರುವುದನ್ನು ಮಾಲಿಕೆ ಯಾವ ವಿವರಣೆಯನ್ನೂ ಕೊಡದೆ ಚಿತ್ರಿಸಿತು. ಎಪ್ಪತ್ತರ ದಶಕದ ಮಕ್ಕಳ ಪುಸ್ತಿಕೆಯೊಂದಕ್ಕೆ ಇದು ಸಣ್ಣ ಧೈರ್ಯವಲ್ಲ.

ಇಷ್ಟನ್ನು ಕೇಳಿದವರು, ಇದರಲ್ಲಿ ವಿಚಿತ್ರವೇನಿದೆ ಎಂದು ಕೇಳಬಹುದು. ಅತಿಮಾನುಷ ವೀರನಿಗೆ, ಅಂದರೆ ಇಂದು ಸೂಪರ್‌ಹೀರೋ ಎಂದು ಕರೆಯಲ್ಪಡುವವನಿಗೆ, ಮೂರು ಲಕ್ಷಣಗಳನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ: ಶಕ್ತಿ, ಮುಖವಾಡ, ಏಕಾಂಗಿತನ. ಫ್ಯಾಂಟಮ್‌ನಿಗೆ ದೈಹಿಕವಾದ ಅತಿಮಾನುಷ ಶಕ್ತಿಯಿಲ್ಲ, ನಿಜ. ಆದರೆ ಅವನು ಸಾವಿಲ್ಲದವನೆಂಬ ಜನಜನಿತವಾದ ಕತೆಯೇ ಅವನ ಶಕ್ತಿ. ಬಹಾದುರನಿಗೆ ಅದೂ ಇಲ್ಲ. ಮುಖವಾಡವಿಲ್ಲ, ಅವನು ಯಾರ ಮಗನೆಂಬುದು ಇಡೀ ಊರಿಗೆ ಗೊತ್ತು. ಏಕಾಂಗಿಯಂತೂ ಅಲ್ಲವೇ ಅಲ್ಲ. ಮೂರೂ ಲಕ್ಷಣಗಳನ್ನು ಕಳಚಿಟ್ಟ ಮೇಲೆಯೂ ವೀರನೊಬ್ಬ ಉಳಿಯುವುದು ಸಾಧ್ಯವೇ ಎಂಬ ಪ್ರಯೋಗವೇ ಈ ಮಾಲಿಕೆ. ಇದರ ಕಲ್ಪಕತೆ ಸೇರಿಸುವುದರಲ್ಲಿಲ್ಲ, ಕಳೆಯುವುದರಲ್ಲಿದೆ. ಫ್ಯಾಂಟಮ್‌ನ ಅಳತೆಗೋಲಿನಿಂದ ಅಳೆದವರಿಗೆ ಬಹಾದುರ್ ಬಡಕಲಾಗಿ ಕಂಡದ್ದು ಈ ಕಾರಣಕ್ಕಾಗಿಯೇ. ಅಳತೆಗೋಲನ್ನೇ ಬದಲಿಸಿ ನೋಡುವುದು ಅಗತ್ಯ.

೩

ಆ ಬೇರೆ ಅಳತೆಗೋಲು ನಮ್ಮ ಊರುಗಳ ಮುಂದೆಯೇ ನಿಂತಿದೆ. ವೀರಗಲ್ಲು ಸಾಮಾನ್ಯವಾಗಿ ಮೂರು ಪಟ್ಟಿಕೆಗಳ ಶಿಲ್ಪ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವ ದೃಶ್ಯ. ಮೇಲೆ ಕೈಲಾಸದಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುದಿಯಲ್ಲಿ ಸೂರ್ಯ ಚಂದ್ರರು. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಬರೆಹ. ಒಬ್ಬನೇ ವ್ಯಕ್ತಿಯನ್ನು ಬೇರೆಬೇರೆ ಚೌಕಟ್ಟುಗಳಲ್ಲಿ ಮರಳಿ ಮರಳಿ ಕೆತ್ತಿ, ಚೌಕಟ್ಟಿನಿಂದ ಚೌಕಟ್ಟಿಗೆ ಕಾಲ ಸರಿಯಿತೆಂದು ಸೂಚಿಸಿ, ಚಿತ್ರಕ್ಕೆ ಮಾತನ್ನು ಹೊಂದಿಸಿ ಕತೆ ಹೇಳುವ ಈ ಕ್ರಮಕ್ಕೂ ಕಾಮಿಕ್ಸ್ ಪುಟದ ಕ್ರಮಕ್ಕೂ ರಚನೆಯಲ್ಲಿ ಭೇದವಿಲ್ಲ. ಭೇದವಿರುವುದು ದಿಕ್ಕಿನಲ್ಲಿ: ಕಾಮಿಕ್ಸ್ ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ, ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ. ಒಂದರ ಓದು ಮುಂದಿನ ಸಂಚಿಕೆಯತ್ತ ಇಳಿಯುತ್ತದೆ, ಇನ್ನೊಂದರದು ಸ್ವರ್ಗದತ್ತ ಏರುತ್ತದೆ.

ಗುಜರಾತಿನಲ್ಲಿ ವೀರಗಲ್ಲಿನ ಸೋದರನಂತಿರುವುದು ‘ಪಾಳಿಯಾ’. ಕಚ್ಛ್ ಮತ್ತು ಸೌರಾಷ್ಟ್ರಗಳ ಊರಂಚಿನಲ್ಲಿ, ಕೆರೆಯ ಬಳಿ, ಕಾಳಗದ ಬಯಲುಗಳಲ್ಲಿ ಇವು ಸಾಲುಸಾಲಾಗಿ ನಿಂತಿರುತ್ತವೆ. ಇಲ್ಲಿಯೂ ಮೇಲೆ ಸೂರ್ಯ ಚಂದ್ರರು, ಕೆಳಗೆ ಬರೆಹ. ಆದರೆ ನಡುವೆ ಸಾಮಾನ್ಯವಾಗಿ ಒಂದೇ ಚಿತ್ರ: ಕುದುರೆಯೇರಿ ಆಯುಧ ಹಿಡಿದ ಸವಾರ. ಕನ್ನಡದ ಕಲ್ಲು ಕತೆಯನ್ನು ಹೇಳುತ್ತದೆ, ಪಾಳಿಯಾ ಒಂದು ಕ್ಷಣವನ್ನು ನಿಲ್ಲಿಸುತ್ತದೆ. ಕಾಮಿಕ್ಸಿನ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ಒಳಪುಟ, ಇನ್ನೊಂದು ಮುಖಪುಟ. ಪಾಳಿಯಾಗಳ ನಾಡಿನಲ್ಲಿ ಹುಟ್ಟಿದ ಕತೆಗಾರನೊಬ್ಬ ಅವುಗಳನ್ನು ಕಂಡೇ ಬಹಾದುರನನ್ನು ಕಟ್ಟಿದನೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಪ್ರಭಾವದ ಪ್ರಶ್ನೆಗಿಂತ ಸಾಜಾತ್ಯದ ಪ್ರಶ್ನೆ ಇಲ್ಲಿ ಮುಖ್ಯ.

ಸಾಜಾತ್ಯ ಇರುವುದು ಎಲ್ಲಿ? ಮೊದಲನೆಯದಾಗಿ, ವೀರಗಲ್ಲಿನ ವೀರ ಬಹುಮಟ್ಟಿಗೆ ಅರಸನಲ್ಲ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂದು ಶಾಸನಗಳು ಕರೆಯುವ ಸಂದರ್ಭಗಳಲ್ಲಿ, ಅಂದರೆ ದನಗಳನ್ನು ಹೊಡೆದುಕೊಂಡು ಹೋದಾಗ, ಊರನ್ನು ಹಾಳುಗೆಡವಿದಾಗ, ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ, ಎದುರು ನಿಂತು ಮಡಿದ ಸಾಮಾನ್ಯನೇ ಅಲ್ಲಿನ ನಾಯಕ. ಅವನ ಮನೆಯವರಿಗೆ ಊರು ನೆತ್ತರುಗೊಡಗೆಯಾಗಿ ಭೂಮಿ ಬಿಡುತ್ತಿತ್ತು. ವೀರನೆಂಬವನು ಆ ಲೋಕದಲ್ಲಿ ಅಪರೂಪದ ಹುಟ್ಟಲ್ಲ. ಅಂದಿನ ದಿನ ಊರಿನಲ್ಲಿದ್ದವನು. ಹಾಗೆ ನೋಡಿದರೆ ವೀರತ್ವಕ್ಕೆ ಮನುಷ್ಯನಾಗಿರಬೇಕೆಂಬ ನಿಯಮವೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಪ್ರಸಿದ್ಧ ಶಿಲೆ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಕಾಯುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಈ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಿ, ಎರಡೂ ಸತ್ತವು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಸಾಮ್ರಾಜ್ಯಗಳ ಯುದ್ಧದ ಸುದ್ದಿ ಅಕ್ಷರದಲ್ಲಿದೆ. ಚಿತ್ರದಲ್ಲಿರುವುದು ನಾಯಿ ಮತ್ತು ಹಂದಿ. ಇದಕ್ಕಿಂತ ಕಲ್ಪಕವಾದ, ಇದಕ್ಕಿಂತ ವಿಚಿತ್ರವಾದ ಮುಖಪುಟವನ್ನು ಯಾವ ಕಾಮಿಕ್ಸ್ ಕಂಪನಿಯೂ ಅಚ್ಚುಮಾಡಿಲ್ಲ.

ಎರಡನೆಯದಾಗಿ, ಬಹಾದುರನ ನಾಡು ವೀರಗಲ್ಲಿನ ನಾಡೇ ಆಗಿದೆ. ಹೊರಗಿನಿಂದ ದಾಳಿ ಮಾಡುವವರು, ದೂರದಲ್ಲಿರುವ ಪ್ರಭುತ್ವ, ನಡುವೆ ಒಂಟಿಯಾದ ಊರು. ಚಂಬಲ್‌ನ ಡಕಾಯಿತರು ೧೯೭೨ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ದೊಡ್ಡ ಸಂಖ್ಯೆಯಲ್ಲಿ ಶಸ್ತ್ರ ಒಪ್ಪಿಸಿದ್ದು ಜನಮನದಲ್ಲಿ ಹಸಿಯಾಗಿದ್ದ ಕಾಲವದು. ೧೯೭೫ರ ಆಗಸ್ಟ್‌ನಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ಇಲ್ಲಿ ಹೋಲಿಕೆಗೆ ತರಬಹುದು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ಆ ಕಥೆಯಲ್ಲಿಯೂ ಡಕಾಯಿತನಿಗೆ ಅಂಜಿದ ಹಳ್ಳಿಯಿದೆ. ಆದರೆ ಆ ಹಳ್ಳಿ ತನ್ನ ರಕ್ಷಣೆಗೆ ಹೊರಗಿನಿಂದ ಇಬ್ಬರನ್ನು ಹಣ ಕೊಟ್ಟು ಕರೆತರುತ್ತದೆ. ಹಳ್ಳಿಗರು ಬಹುಪಾಲು ನೋಡುತ್ತ ನಿಲ್ಲುತ್ತಾರೆ. ಅದಾದ ವರ್ಷದಲ್ಲಿ ಬಂದ ಬಹಾದುರ್ ಅದೇ ಪ್ರಶ್ನೆಗೆ ಬೇರೆ ಉತ್ತರವನ್ನು ಕೊಡುತ್ತಾನೆ: ನೋಡುತ್ತ ನಿಂತವರಿಗೇ ತರಬೇತಿ ಕೊಡುವುದು. ಶಕ್ತಿಯನ್ನು ಒಬ್ಬನ ಮೈಯಲ್ಲಿ ಕೂಡಿಡದೆ ಹಲವರಲ್ಲಿ ಹಂಚುವ ವೀರ ಈತ. ದಳವು ಪರಿಪೂರ್ಣವಾದ ದಿನ ಅವನ ಅಗತ್ಯವೇ ಇರುವುದಿಲ್ಲ. ತಾನು ಬೇಡವಾಗುವುದಕ್ಕಾಗಿಯೇ ದುಡಿಯುವ ಸೂಪರ್‌ಹೀರೋ ಎಂಬ ಈ ಕಲ್ಪನೆ ಜಗತ್ತಿನ ಕಾಮಿಕ್ಸ್ ಪರಂಪರೆಯಲ್ಲಿಯೇ ವಿರಳ.

೪

ಸಾದೃಶ್ಯವನ್ನು ಎಳೆಯುತ್ತ ಹೋಗುವಾಗ ಅದು ತುಂಡಾಗುವ ಜಾಗವನ್ನೂ ತೋರಿಸಬೇಕು. ವೀರಗಲ್ಲಿನ ವೀರ ಸತ್ತವನು. ಸಾವೇ ಅವನಿಗೆ ಕಲ್ಲನ್ನು ಸಂಪಾದಿಸಿ ಕೊಡುತ್ತದೆ. ಮಾಲಿಕೆಯ ವೀರ ಸಾಯುವಂತಿಲ್ಲ. ಸತ್ತರೆ ಮುಂದಿನ ಸಂಚಿಕೆಯಿಲ್ಲ. ಫ್ಯಾಂಟಮ್‌ನ ಕತೆಗಾರ ಇದಕ್ಕೆ ಜಾಣ್ಮೆಯ ಪರಿಹಾರ ಕಂಡುಕೊಂಡಿದ್ದ: ವ್ಯಕ್ತಿ ಸಾಯುತ್ತಾನೆ, ವೇಷ ಸಾಯುವುದಿಲ್ಲ, ತಂದೆಯ ನಂತರ ಮಗ, ಹೀಗೆ ಇಪ್ಪತ್ತೊಂದು ತಲೆಮಾರು. ಅದು ರಾಜವಂಶದ ತರ್ಕ. ಬಹಾದುರನಿಗೆ ಆ ದಾರಿ ಮುಚ್ಚಿದೆ, ಏಕೆಂದರೆ ಅವನು ತಂದೆಯಿಂದ ಪಡೆಯಬಹುದಾದದ್ದು ಡಕಾಯಿತನ ಹೆಸರನ್ನು ಮಾತ್ರ. ಫ್ಯಾಂಟಮ್‌ ತಲೆಬುರುಡೆಯ ಮೇಲೆ ಆಣೆಯಿಟ್ಟು ವಂಶವನ್ನು ಮುಂದುವರಿಸುತ್ತಾನೆ. ಬಹಾದುರ್ ವಂಶವನ್ನು ಮುರಿಯುವುದರಿಂದಲೇ ವೀರನಾಗುತ್ತಾನೆ.

ಈ ಮಾಲಿಕೆಯ ಅತ್ಯಂತ ಆಳವಾದ ಎಳೆ ಇದೇ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಕಾವ್ಯಪರಂಪರೆಯಲ್ಲಿ ಎರಡು ಹುಟ್ಟುಗಳ ನಡುವೆ ಸಿಕ್ಕವನೆಂದರೆ ಕರ್ಣ. ಕ್ಷತ್ರಿಯಳ ಹೊಟ್ಟೆಯಲ್ಲಿ ಹುಟ್ಟಿ ಸೂತನ ಮನೆಯಲ್ಲಿ ಬೆಳೆದ ಅವನು, ಹುಟ್ಟಿನ ಸತ್ಯ ತಿಳಿದ ಮೇಲೆಯೂ ಸಾಕಿದವರನ್ನೂ ಅನ್ನ ಕೊಟ್ಟವನನ್ನೂ ಬಿಡಲಿಲ್ಲ. ೯೪೧ರಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪ, ತನ್ನ ನಾಯಕನ ಎದುರಾಳಿಯಾದ ಕರ್ಣನಿಗೇ ಮನಸೋತದ್ದನ್ನು ಎಲ್ಲ ವಿಮರ್ಶಕರೂ ಗುರುತಿಸಿದ್ದಾರೆ. ಬಹಾದುರ್ ತಿರುಗುಮುರುಗಾದ ಕರ್ಣ. ಅಳಿವಿನ ಕಡೆಯವನ ಮಗ, ಕಾಯುವವನ ಮನೆಯ ಕೂಸು. ಅವನೂ ಸಾಕಿದವನ ಕಡೆಯೇ ನಿಲ್ಲುತ್ತಾನೆ. ಆದರೆ ತನ್ನ ತಂದೆಯನ್ನು ಕೊಂದವನೇ ಆ ಸಾಕುತಂದೆ ಎಂಬ ಮುಳ್ಳು ಪ್ರತಿ ಕತೆಯ ಅಡಿಯಲ್ಲಿಯೂ ಇದ್ದೇ ಇರುತ್ತದೆ.

ವೀರಗಲ್ಲಿನ ಕೆಳಗಿನ ಪಟ್ಟಿಕೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಅಲ್ಲಿ ವೀರನೆದುರು ಕಾದುವವರಿದ್ದಾರೆ. ಅವರ ಹೆಸರನ್ನು ಕಲ್ಲು ಸಾಮಾನ್ಯವಾಗಿ ಹೇಳುವುದಿಲ್ಲ. ಅವರಿಗೂ ಊರಿತ್ತು, ಮಕ್ಕಳಿದ್ದರು. ಒಂದು ಊರಿನ ಕಳ್ಳ ಇನ್ನೊಂದು ಊರಿನ ವೀರನಾಗಿರುವುದು ತುರುಗಾಳಗಗಳ ಲೋಕದಲ್ಲಿ ಅಸಂಭವವಲ್ಲ; ಮಹಾಭಾರತದ ಗೋಗ್ರಹಣದಲ್ಲಿ ದನ ಹೊಡೆಯಲು ಬಂದವರಲ್ಲಿ ಭೀಷ್ಮ ದ್ರೋಣರೂ ಇದ್ದರಲ್ಲವೆ? ಶಿಲೆ ಒಂದೇ ಊರಿನ ನೆನಪು. ಆ ಹೆಸರಿಲ್ಲದ ದಾಳಿಕೋರನ ಮಗನಿಗೆ ಹೆಸರು ಕೊಟ್ಟು ಅವನನ್ನೇ ನಾಯಕನನ್ನಾಗಿ ಮಾಡಿದ್ದು ಬಹಾದುರ್ ಮಾಲಿಕೆಯ ಹೆಚ್ಚುಗಾರಿಕೆ. ಕಲ್ಲು ಹೇಳದೆ ಬಿಟ್ಟ ಕತೆಯನ್ನು ಕಾಗದ ಎತ್ತಿಕೊಂಡಿತು.

೫

ಇಷ್ಟು ಹೇಳಿದ ಮೇಲೆ ಮಾಲಿಕೆಯ ಮಿತಿಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಡಕಾಯಿತಿಯ ಹಿಂದಿರುವ ಭೂಮಿಯ ಜಗಳ, ಜಾತಿಯ ವೈರ, ಬರಡು ಕಣಿವೆಯ ಬಡತನ ಇವು ಕತೆಯ ಕೇಂದ್ರಕ್ಕೆ ಬರಲಿಲ್ಲ. ಭೈರವ ಸಿಂಗ್ ಏಕೆ ಡಕಾಯಿತನಾದ ಎಂಬ ಪ್ರಶ್ನೆಗಿಂತ ಅವನ ಮಗ ಏಕೆ ಆಗಲಿಲ್ಲ ಎಂಬ ಪ್ರಶ್ನೆಯೇ ಕತೆಗಾರರನ್ನು ಸೆಳೆಯಿತು. ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಮಾಲಿಕೆ ಆರಂಭವಾದಾಗ ದೇಶದಲ್ಲಿ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಅದು ತೆರವಾದದ್ದು ೧೯೭೭ರ ಮಾರ್ಚ್‌ನಲ್ಲಿ. ಪೌರರು ಪೊಲೀಸರೊಡನೆ ಕೈಜೋಡಿಸಿ ಶಿಸ್ತಿನ ದಳ ಕಟ್ಟುವ ಕತೆಯನ್ನು ಆ ಕಾಲದ ಅಧಿಕೃತ ಶಿಸ್ತಿನ ಮಾತಿನ ಪ್ರತಿಧ್ವನಿಯೆಂದು ಓದುವುದು ಸಾಧ್ಯ. ಪ್ರಭುತ್ವವನ್ನು ನೆಚ್ಚದೆ ತಮ್ಮ ಊರನ್ನು ತಾವೇ ಕಾಯುವ ಜನರ ಸ್ವಾಯತ್ತತೆಯ ಕತೆಯೆಂದು ಓದುವುದೂ ಸಾಧ್ಯ. ಎರಡು ಓದುಗಳಿಗೂ ಪಠ್ಯದಲ್ಲಿ ಎಡೆಯಿದೆ. ಯಾವುದೊಂದನ್ನೇ ಹಿಡಿದು ಇನ್ನೊಂದನ್ನು ಅಳಿಸುವುದು ಸರಿಯಲ್ಲ.

ನಾಗರಿಕ ದಳವೆಂಬ ಕಲ್ಪನೆಯಲ್ಲಿ ಅಪಾಯವೂ ಇದೆಯೆಂಬುದನ್ನು ನಂತರದ ಇತಿಹಾಸವನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಊರು ಕಾಯುವ ಗುಂಪು ಊರವರು ಯಾರು, ಹೊರಗಿನವರು ಯಾರು ಎಂದು ತೀರ್ಮಾನಿಸತೊಡಗಿದ ಗಳಿಗೆಯಲ್ಲಿ ಕಾವಲು ಕ್ರೌರ್ಯವಾಗುತ್ತದೆ. ಬಹಾದುರ್ ಈ ಅಪಾಯದಿಂದ ಪಾರಾಗುವುದು ಅವನ ಹುಟ್ಟಿನಿಂದಾಗಿ. ದಳದ ನಾಯಕನೇ ಹೊರಗಿನವನ ಮಗನಾದ್ದರಿಂದ ರಕ್ತದ ಆಧಾರದ ಮೇಲೆ ಯಾರನ್ನೂ ಶತ್ರುವೆಂದು ಸಾರುವ ಹಕ್ಕು ಆ ದಳಕ್ಕೆ ಉಳಿಯುವುದಿಲ್ಲ. ಈ ಸೂಕ್ಷ್ಮವನ್ನು ಮುಂದೆ ಬಂದ ಜನಪ್ರಿಯ ವೀರರು ಉಳಿಸಿಕೊಳ್ಳಲಿಲ್ಲ. ರಾಜ್ ಕಾಮಿಕ್ಸ್ ೧೯೮೬ರಲ್ಲಿ ತಂದ ನಾಗರಾಜ ಮೈಯೊಳಗೆ ಹಾವುಗಳನ್ನು ಹೊತ್ತ ಅತಿಮಾನುಷ. ತೊಂಬತ್ತರ ದಶಕದಲ್ಲಿ ಅದೇ ಸಂಸ್ಥೆ ತಂದ ದೋಗಾ ಚಂಬಲ್‌ನ ಡಕಾಯಿತನ ಬಳಿ ಬೆಳೆದ ಅನಾಥ. ಬಹಾದುರನ ಕತೆಯ ಸಾಮಗ್ರಿಯೇ ಅಲ್ಲಿಯೂ ಇದೆ. ಆದರೆ ದೋಗಾ ನಾಯಿಯ ಮುಖವಾಡ ತೊಟ್ಟು, ಒಬ್ಬಂಟಿಯಾಗಿ, ಅಪರಾಧಿಗಳನ್ನು ತಾನೇ ಕೊಂದು ಮುಗಿಸುತ್ತಾನೆ. ಕಳಚಿಟ್ಟಿದ್ದ ಶಕ್ತಿ, ಮುಖವಾಡ, ಏಕಾಂಗಿತನ ಮೂರೂ ಮರಳಿ ಬಂದವು. ಇಂದ್ರಜಾಲ ೧೯೯೦ರಲ್ಲಿ, ಎಂಟುನೂರಕ್ಕೂ ಹೆಚ್ಚು ಸಂಚಿಕೆಗಳ ನಂತರ, ನಿಂತುಹೋಯಿತು. ಬಹಾದುರನ ಪ್ರಯೋಗವೂ ಅಲ್ಲಿಗೇ ನಿಂತಿತು.

೬

ಕೊನೆಯದಾಗಿ, ಕನ್ನಡದ ಅಧ್ಯಯನಕ್ಕೆ ಇದರಿಂದ ಏನಾಗಬೇಕು ಎಂಬ ಪ್ರಶ್ನೆ. ಕಾಮಿಕ್ಸ್ ಎಂಬುದು ಕನ್ನಡಕ್ಕೆ ಕೇವಲ ಹೊರಗಿನಿಂದ ಬಂದ ಸರಕಲ್ಲ. ೧೯೬೭ರಲ್ಲಿ ಅನಂತ ಪೈಯವರು ‘ಅಮರ ಚಿತ್ರಕಥೆ’ಯನ್ನು ಮುಂಬಯಿಯಲ್ಲಿ ಬೆಳೆಸುವುದಕ್ಕೆ ಮುನ್ನ, ೧೯೬೫ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ. ಕೆ. ಅನಂತರಾಮ್ ಅವರು ಅದೇ ಹೆಸರಿನಲ್ಲಿ ವಿದೇಶೀ ಕತೆಗಳ ಕನ್ನಡ ಪುಸ್ತಿಕೆಗಳನ್ನು ತಂದಿದ್ದರು. ಇಂಗ್ಲಿಷ್ ಮಾಲೆಯ ‘ಕೃಷ್ಣ’ ಒಂದನೆಯ ಸಂಖ್ಯೆಯಾಗಿರದೆ ಹನ್ನೊಂದನೆಯದಾಗಿರುವುದು, ಅದಕ್ಕೆ ಮೊದಲು ಹತ್ತು ವಿದೇಶೀ ಕತೆಗಳು ಬಂದಿದ್ದವೆಂಬುದಕ್ಕೆ ಉಳಿದಿರುವ ಗುರುತು. ಭಾರತದ ಅತಿ ಪ್ರಸಿದ್ಧ ಚಿತ್ರಕಥಾ ಮಾಲೆಯ ಮೊದಲ ಹೆಜ್ಜೆ ಕನ್ನಡದಲ್ಲಿತ್ತೆಂಬ ಸಂಗತಿ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಒಂದು ಸಾಲಿನ ಸ್ಥಾನವನ್ನೂ ಪಡೆಯದಿರುವುದು ವಿಷಾದಕರ.

ಇಂದ್ರಜಾಲದ ಕನ್ನಡ ಆವೃತ್ತಿಯನ್ನು ಕುರಿತು ಮಾಡಬೇಕಾದ ಕೆಲಸ ಬಹಳಷ್ಟಿದೆ. ಬಲೂನಿನ ಕಿರಿದಾದ ಜಾಗದಲ್ಲಿ ಮಾತನ್ನು ಹಿಡಿಸುವುದು ಒಂದು ವಿಶಿಷ್ಟ ಬಗೆಯ ಅನುವಾದ. ಏಟಿನ ಸದ್ದು, ಗುಂಡಿನ ಸದ್ದು, ಗಾಜು ಒಡೆದ ಸದ್ದುಗಳಿಗೆ ಕನ್ನಡದ ಅನುಕರಣಾವ್ಯಯಗಳು ಹೇಗೆ ಒದಗಿದವು, ಚಂಬಲ್‌ನ ಡಕಾಯಿತ ಯಾವ ಪ್ರದೇಶದ ಕನ್ನಡವನ್ನಾಡಿದ, ಬಹಾದುರ್ ವಿಶಾಲನನ್ನು ಏಕವಚನದಲ್ಲಿ ಕರೆದನೋ ಬಹುವಚನದಲ್ಲೋ, ಅದೇ ಸಂಚಿಕೆಯ ಗುಜರಾತಿ, ಮರಾಠಿ ರೂಪಗಳು ಎಲ್ಲಿ ಕವಲೊಡೆದವು ಎಂಬವೆಲ್ಲ ಭಾಷಾಧ್ಯಯನದ ಗಂಭೀರ ಪ್ರಶ್ನೆಗಳು. ಇವುಗಳಿಗೆ ಉತ್ತರ ಕಂಡುಕೊಳ್ಳಲು ಎರಡು ಮೂರು ಭಾಷೆಗಳ ಪ್ರತಿಗಳನ್ನು ಎದುರುಬದುರಾಗಿ ಇಟ್ಟುಕೊಂಡು ಓದಬಲ್ಲವರು ಬೇಕು. ಆ ಅನುಕೂಲ ಕರ್ನಾಟಕದ ಒಳಗಿರುವವರಿಗಿಂತ ಹೊರಗೆ, ಇನ್ನೊಂದು ಭಾಷೆಯ ನಡುವೆ ಬದುಕುತ್ತಿರುವ ಸಂಶೋಧಕರಿಗೆ ಹೆಚ್ಚು. ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುವ ವೇಗ ಮಾತ್ರ ಎಲ್ಲ ಭಾಷೆಗಳಲ್ಲಿಯೂ ಒಂದೇ. ಹೀಗಾಗಿ ಸಂಗ್ರಹ ಮತ್ತು ಸೂಚಿಗಳ ಕೆಲಸ ವಿಮರ್ಶೆಗಿಂತ ಮೊದಲು ಆಗಬೇಕಾದದ್ದು.

ಬಹಾದುರನ ಕರ್ತೃ ಆಬಿದ್ ಸುರತಿಯವರ ಬಾಳಿನ ಒಂದು ಸಂಗತಿ ಇಲ್ಲಿ ಉಲ್ಲೇಖಾರ್ಹ. ೧೯೯೩ರಲ್ಲಿ ‘ತೀಸರೀ ಆಂಖ್’ ಕಥಾಸಂಗ್ರಹಕ್ಕೆ ರಾಷ್ಟ್ರೀಯ ಪುರಸ್ಕಾರ ಪಡೆದಿದ್ದ ಅವರು, ೨೦೦೭ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮುಂಬಯಿ ಹೊರವಲಯದ ಮೀರಾ ರೋಡಿನಲ್ಲಿ ‘ಡ್ರಾಪ್ ಡೆಡ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಒಬ್ಬ ಕೊಳಾಯಿ ಕೆಲಸದವನನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ, ಸೋರುವ ನಲ್ಲಿಗಳನ್ನು ಹಣ ಪಡೆಯದೆ ಸರಿಪಡಿಸುವುದಷ್ಟೇ ಅದರ ಕೆಲಸ. ಇದನ್ನು ಸಾಹಿತ್ಯಕ್ಕೆ ಹೊರಗಿನ ಸಂಗತಿಯೆಂದು ನಾವು ಭಾವಿಸುವುದಿಲ್ಲ. ತನ್ನ ಊರನ್ನು ತಾನೇ ಕಾಯುವ, ಶಕ್ತಿಯೂ ಮುಖವಾಡವೂ ಇಲ್ಲದ ವೀರನ ಕಲ್ಪನೆ ಲೇಖಕನಿಗೆ ಬರಿಯ ಕತೆಯ ಸಾಮಗ್ರಿಯಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ನೆತ್ತರುಗೊಡಗೆಯ ಕಾಲದಿಂದ ನಲ್ಲಿಯ ನೀರಿನ ಕಾಲದವರೆಗೆ ವೀರನ ಪರಿಕಲ್ಪನೆ ನಡೆದುಬಂದ ದಾರಿಯನ್ನು ಬರೆಯುವವರು ಈ ಅಗ್ಗದ ಪುಸ್ತಿಕೆಗಳನ್ನು ದಾಟಿ ಹೋಗಲಾರರು.